ರೋಮಿನ ರಾಜಕುಮಾರರೂ ಯಶವಂತಪುರದ ನಿಧಿಯೂ

ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ನೆಯ ವರ್ಷ ೧೬೩ ರೋಮನ್ ಬೆಳ್ಳಿನಾಣ್ಯಗಳು ದೊರೆತುವು. ಅಗಸ್ಟಸನಿಂದ ಕ್ಲಾಡಿಯಸನವರೆಗಿನ ಈ ಬಗೆಯ ನಿಧಿಗಳ ಕಾಲವನ್ನು ನಿರ್ಣಯಿಸುವ ಮೊದಲು ಅಗಸ್ಟಸನ ಒಂದು ನಾಣ್ಯಮಾದರಿಯನ್ನು ವಿಮರ್ಶಿಸುವುದು ಅವಶ್ಯ. ದಕ್ಷಿಣ ಭಾರತದಲ್ಲಿ ದೊರೆಯುವ ಅವನ ನಾಣ್ಯಗಳಲ್ಲಿ ಅದೇ ಬಹುಸಂಖ್ಯೆಯದು.

ಈಗಿನ ಲಿಯಾನ್ ನಗರವಾದ ಲುಗ್ಡುನಮ್ಮಿನ ಟಂಕಶಾಲೆಯಲ್ಲಿ ಕ್ರಿ. ಪೂ. ೨ರಿಂದ ಈ ಮಾದರಿಯು ಚಿನ್ನದಲ್ಲಿಯೂ ಬೆಳ್ಳಿಯಲ್ಲಿಯೂ ಅಚ್ಚಾಯಿತು. ಒಂದು ಚಿನ್ನದ ನಾಣ್ಯಕ್ಕೆ ಇಪ್ಪತ್ತೈದು ಬೆಳ್ಳಿನಾಣ್ಯಗಳು ಸಮ. ಮುಮ್ಮುಖದಲ್ಲಿ ಚಕ್ರವರ್ತಿಯ ತಲೆ. ಹಿಮ್ಮುಖದಲ್ಲಿ ಅವನ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್ ನಿಂತಿದ್ದಾರೆ. ಅವರ ನಡುವೆ ಗುರಾಣಿಗಳೂ ಈಟಿಗಳೂ, ಮೇಲೆ ಪುರೋಹಿತರ ಉಪಕರಣಗಳೂ ಇವೆ. ಮಗಳಾದ ಜೂಲಿಯಳ ಈ ಮಕ್ಕಳನ್ನು ಅಗಸ್ಟಸನು ಕ್ರಿ. ಪೂ. ೧೭ರಲ್ಲಿ ದತ್ತು ತೆಗೆದುಕೊಂಡಿದ್ದನು.

ಇವರನ್ನು ‘ಯುವರಾಜ’ರೆಂದು ಕರೆಯುವುದು ಸುಲಭವಾದರೂ ಸಮರ್ಪಕವಲ್ಲ. ನಾಣ್ಯದ ಮೇಲಿನ ಬಿರುದಿಗೆ ತರುಣರಲ್ಲಿ ಅಗ್ರಗಣ್ಯರೆಂದು ಮಾತ್ರ ಅರ್ಥ. ರೋಮಿನಲ್ಲಿ ಚಕ್ರವರ್ತಿಯ ಅಧಿಕಾರವು ಶಾಸನದ ದೃಷ್ಟಿಯಿಂದ ಪಿತ್ರಾರ್ಜಿತವಾಗಿರಲಿಲ್ಲ. ಶಾಸನವು ಬಾಯಿಬಿಟ್ಟು ಹೇಳದಿದ್ದುದನ್ನು ಈ ಚಿತ್ರವು ಜನರ ಕಣ್ಣಿಗೆ ರೂಢಿಮಾಡಿಸುತ್ತಿದ್ದಿತು. ‘ಯುವರಾಜ’ ಶಬ್ದವನ್ನು ಬಳಸಿದರೆ ಈ ರಾಜಕೀಯ ಪ್ರಯತ್ನವೇ ಮರೆಯಾಗುವುದು.

ಇನ್ನೊಂದು ದೋಷವು ಕಾಲನಿರ್ಣಯದ್ದು. ಲೂಸಿಯಸನು ಕ್ರಿ. ಶ. ೨ರಲ್ಲಿಯೂ ಗೈಯಸನು ೪ರಲ್ಲಿಯೂ ತೀರಿಕೊಂಡರು. ಅದೇ ವರ್ಷ ಟೈಬೀರಿಯಸನು ದತ್ತುಪುತ್ರನಾದನು. ಆದರೆ ಕ್ಲಾಡಿಯಸನು ಪಟ್ಟಕ್ಕೆ ಬಂದುದು ಕ್ರಿ. ಶ. ೪೧ರಲ್ಲಿ. ಅವನ ನಾಣ್ಯವನ್ನು ಒಳಗೊಂಡ ನಿಧಿಯನ್ನು ಹೂಳಿದುದು ಗೈಯಸನು ಸತ್ತು ಮೂವತ್ತೇಳು ವರ್ಷಗಳಾದರೂ ಕಳೆದ ಮೇಲೆಯೇ ಸರಿ. ಆದುದರಿಂದ ಕುಮಾರರ ಚಿತ್ರವನ್ನು ಕಂಡಮಾತ್ರಕ್ಕೆ ಅಗಸ್ಟಸನ ಕಾಲದಲ್ಲಿಯೇ ಈ ಪ್ರದೇಶಕ್ಕೂ ರೋಮಿಗೂ ವ್ಯವಹಾರವಿದ್ದಿತೆಂದು ಸಾಧಿಸಲಾಗದು. ರೋಮನ್ನರು ಇಲ್ಲಿ ನೆಲಸಿದ್ದರೆಂದಂತೂ ಹೇಳಲೇ ಆಗದು.

ಸತ್ತ ಕುಮಾರರ ನಾಣ್ಯಕ್ಕೆ ಇಷ್ಟು ಬಾಳಿಕೆ ಹೇಗೆ ಬಂದಿತು? ಅವರ ಕೀರ್ತಿಯಿಂದಲ್ಲ, ಲೋಹದ ಗುಣದಿಂದ. ಕ್ರಿ. ಶ. ೬೪ರಲ್ಲಿ ನೀರೋ ಬೆಳ್ಳಿನಾಣ್ಯದ ತೂಕವನ್ನೂ ಶುದ್ಧಿಯನ್ನೂ ತಗ್ಗಿಸುವವರೆಗೆ ಈ ನಾಣ್ಯಗಳು ಉತ್ತಮ ಬೆಳ್ಳಿಯವಾಗಿದ್ದುವು. ಟೈಬೀರಿಯಸನ ಆಸೀನಸ್ತ್ರೀಯ ಮಾದರಿಯೂ ಇಲ್ಲಿ ಅಷ್ಟೇ ಹೇರಳವಾಗಿ ದೊರೆಯುವುದು ಈ ಅಭಿಪ್ರಾಯಕ್ಕೆ ಪೋಷಕವಾಗಿದೆ. ರೋಮಿನಲ್ಲಿ ಉತ್ತರಾಧಿಕಾರದ ಸೂಚನೆಯಾಗಿದ್ದುದು ಕನ್ನಡನಾಡಿನ ವರ್ತಕನಿಗೆ ತೂಗಿ ಕೊಳ್ಳುವ ಬೆಳ್ಳಿಯಾಗಿದ್ದಿರಬೇಕು. ನಿಧಿಯ ಕಾಲಕ್ಕೆ ಅದರ ಕಟ್ಟಕಡೆಯ ನಾಣ್ಯವೂ ಪ್ರತಿಯೊಂದು ನಾಣ್ಯದ ಸವಕಳಿಯೂ ಪ್ರಮಾಣವೇ ಹೊರತು ಅತಿ ಪ್ರಸಿದ್ಧವಾದ ಚಿತ್ರವಲ್ಲ.