ಹರಳಯ್ಯನ ಮೆಟ್ಟು ಹೊಲಿದವರು ಯಾರು?

ಎಂ.ಎ. ಓದುವಾಗ ನಮ್ಮ ತಂಡ ಕಲ್ಯಾಣದ ಕಥೆಯ ನಾಟಕವೊಂದನ್ನು ಆಡಿತು. ಪರಿಕರದ ಹೊಣೆ ನನ್ನದು. ಬಿಜ್ಜಳನ ಕಿರೀಟಕ್ಕೆ ರಟ್ಟು ಮತ್ತು ಬಂಗಾರದ ಬಣ್ಣದ ಕಾಗದ, ಕತ್ತಿಗೆ ಬೆಳ್ಳಿ ಬಣ್ಣ ಬಳಿದ ಮರದ ಪಟ್ಟಿ, ಕಂಬಕ್ಕೆ ಥರ್ಮೋಕೋಲು, ಮಡಕೆಗೆ ಮೈದಾ ಅಂಟಿನಲ್ಲಿ ನೆನೆಸಿದ ಹಳೇ ಪೇಪರು. ಎಲ್ಲ ಸುಳ್ಳೇ, ದೀಪ ಬಿದ್ದರೆ ಎಲ್ಲ ನಿಜ. ರಂಗಭೂಮಿ ನಡೆಯುವುದೇ ಈ ಒಪ್ಪಂದದ ಮೇಲೆ. ಇದಕ್ಕೆ ನನ್ನ ತಕರಾರಿಲ್ಲ.

ಹರಳಯ್ಯನ ಮೆಟ್ಟು ಮತ್ತು ತಮಟೆ ಮಾತ್ರ ಅಸಲಿಯೇ ಬೇಕೆಂದರು ನಿರ್ದೇಶಕರು. “ನಿಮ್ಮ ಕಡೆ ಸಿಗುತ್ತಲ್ಲ” ಅಂದರು. ಯಾವ ಕಡೆ ಅಂತ ನಾನು ಕೇಳಲಿಲ್ಲ. ಊರಿಗೆ ಹೋದೆ. ಹೊಲಿಯೋದು ಬಿಟ್ಟು ವರ್ಷಗಳಾಗಿದ್ದ ದೊಡ್ಡಪ್ಪ ನನಗೋಸ್ಕರ ಮತ್ತೆ ಉಳಿ ಹಿಡಿದು ಎರಡು ದಿನ ಕೂತ. “ನಾಟ್ಕದ್ದಾದ್ರೇನ್ಲಾ ಮಗ, ಕಾಲಿಗಾಕದು ತಾನೆ, ಗಟ್ಟಿಯಾಗಿರ್ಲಿ” ಅಂದ.

ಹರಳಯ್ಯ-ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಮಾಡಿದ ಮೆಟ್ಟನ್ನು ಬಸವಣ್ಣ ಕಾಲಿಗೆ ಹಾಕದೆ ತಲೆಯ ಮೇಲೆ ಹೊತ್ತ ಎನ್ನುತ್ತದೆ ಐತಿಹ್ಯ. ತಾಲೀಮಿನಲ್ಲಿ ಬಸವಣ್ಣನ ಪಾತ್ರಧಾರಿ ಅದನ್ನು ಎದೆಯವರೆಗೆ ಎತ್ತಿ ಇಳಿಸಿಬಿಟ್ಟ. “ಸಾರ್, ವಾಸ್ನೆ.” ಮರುದಿನ ರೆಕ್ಸಿನ್ ಮೆಟ್ಟು ಬಂತು, ಸಲೀಸಾಗಿ ತಲೆಗೇರಿತು. ತಮಟೆಯ ಕಥೆ ಇನ್ನೊಂದು. ತಂಡಿಗೆ ಚರ್ಮ ಸಡಿಲವಾಗುತ್ತೆ, ಬೆಂಕಿಗೆ ಹಿಡಿದು ಕಾಯಿಸಿದರೇ ಅದು ನುಡಿಯೋದು. ಸಭಾಂಗಣದೊಳಗೆ ಬೆಂಕಿ ನಿಷಿದ್ಧ. ಹೊರಗೆ ಕಾಯಿಸಿ ತರೋಕೆ ಯಾರಿಗೂ ಪುರುಸೊತ್ತಿಲ್ಲ. ಕಡೆಗೆ ನಟನ ಕೈಯಲ್ಲಿ ಅಸಲಿ ತಮಟೆ, ಸ್ಪೀಕರಿನಲ್ಲಿ ರೆಕಾರ್ಡಿನ ಸದ್ದು.

ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’ (1986), ಕಾರ್ನಾಡರ ‘ತಲೆದಂಡ’ (1990) – ಈ ಮೂರನ್ನೂ ತರಗತಿಯಲ್ಲಿ ಚರ್ಚಿಸುತ್ತೇನೆ. ಇವುಗಳ ಚರಿತ್ರೆ, ಪ್ರಭುತ್ವ, ಭಾಷೆಯ ಬಗ್ಗೆ ನಮ್ಮ ವಿಮರ್ಶೆ ಬೇಕಾದಷ್ಟು ಮಾತಾಡಿದೆ. ಜಾತಿಯನ್ನೂ ಪಾತ್ರದಲ್ಲಿ, ಸಂಭಾಷಣೆಯಲ್ಲಿ ಹುಡುಕಿದೆ. ಪರಿಕರದ ಪೆಟ್ಟಿಗೆಯೊಳಗಿನ ಜಾತಿ ಮಾತ್ರ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಹರಳಯ್ಯನನ್ನು ಅಪ್ಪಿಕೊಳ್ಳುವ ರಂಗಸಂವೇದನೆಗೆ ಅವನು ಮುಟ್ಟಿದ ಚರ್ಮ ಬೇಡ. ಇದನ್ನು ಬರೀ ಸೌಂದರ್ಯಪ್ರಜ್ಞೆ ಅಂತ ಕರೆದು ಸುಮ್ಮನಾಗಲು ಸಾಧ್ಯವೆ?

ಹಾಗಂತ ರಂಗದ ಮೇಲೆ ಅಸಲಿ ಚರ್ಮವೇ ಬೇಕೆಂಬ ಹಟ ನನ್ನದಲ್ಲ. ನಮ್ಮ ಮಕ್ಕಳು ಆ ಕಸುಬಿಗೇ ಅಂಟಿಕೊಂಡಿರಲಿ ಅಂತಲೂ ಅಲ್ಲ. ಊರ ಹಬ್ಬಕ್ಕೆ, ಸಾವಿಗೆ ಬಿಟ್ಟಿಯಾಗಿ ತಮಟೆ ಬಡಿಯುವುದಿಲ್ಲ ಎಂದವರು ನಾವು. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗೆ ತಂದವರೂ ನಾವೇ. ಪ್ರಶ್ನೆ ಇಷ್ಟೇ: ಬಿಟ್ಟಿ ಬಡಿಯೋದನ್ನು ಊರಿನಲ್ಲಿ ನಿಲ್ಲಿಸಿದ ಮೇಲೆ, ಬಿಟ್ಟಿ ಹೊಲಿಯೋದು ರಂಗಮಂದಿರದಲ್ಲಿ ಹೇಗೆ ಉಳಿಯಿತು?

ಖರ್ಚಿನ ಲೆಕ್ಕದಲ್ಲಿ ರೆಕ್ಸಿನ್ನಿಗೆ ರಸೀದಿ ಇತ್ತು. ದೊಡ್ಡಪ್ಪನ ಎರಡು ದಿನಕ್ಕೆ ಇರಲಿಲ್ಲ. ಕರಪತ್ರದಲ್ಲಿ ‘ಪರಿಕರ’ ಎಂಬುದರ ಮುಂದೆ ನನ್ನ ಹೆಸರು. ಮೆಟ್ಟು ಯಾರು ಹೊಲಿದದ್ದು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಜಾತಿ ಹೇಳಿದಂತಾಗುತ್ತಿತ್ತು. ಆ ಅಂಜಿಕೆ ನನ್ನದೇ. ವಚನಕಾರ ಮಾದಾರ ಚೆನ್ನಯ್ಯನಿಗೆ ಅದು ಇರಲಿಲ್ಲ. ತನ್ನ ಅಂಕಿತದಲ್ಲೇ ಉಳಿ, ಕತ್ತಿಗಳನ್ನು ಸೇರಿಸಿದ.

ಈ ಲೇಖನದಲ್ಲಾದರೂ ಹೆಸರು ಹಾಕಲಾ ಅಂತ ಮೊನ್ನೆ ದೊಡ್ಡಪ್ಪನನ್ನು ಕೇಳಿದೆ. “ಎಸ್ರು ಯಾಕ್ಲಾ ಮಗ, ಆ ಎಲ್ಡು ದಿನದ ಕೂಲಿ ಕೊಡ್ಸು” ಅಂದ. ನಮ್ಮ ರಂಗವಿಮರ್ಶೆ ಈ ಮಾತಿನಿಂದ ಶುರುವಾಗಬೇಕು ಅನ್ನಿಸುತ್ತದೆ.