ವಂಶಾವಳಿ ಮತ್ತು ಸಿಂಹಾಸನ: ಷೇಕ್ಸ್‌ಪಿಯರನ ಚರಿತ್ರನಾಟಕಗಳಲ್ಲಿ ಉತ್ತರಾಧಿಕಾರದ ಪ್ರಶ್ನೆ

ಇಂಗ್ಲೆಂಡಿನ ಅರಸರನ್ನು ನಾರ್ಮನ್, ಪ್ಲಾಂಟಾಜೆನೆಟ್, ಲ್ಯಾಂಕಾಸ್ಟರ್, ಯಾರ್ಕ್, ಟ್ಯೂಡರ್, ಸ್ಟೂಅರ್ಟ್, ಹ್ಯಾನೋವರ್ ಎಂದು ವಂಶಗಳಾಗಿ ವಿಂಗಡಿಸಿ ಪಟ್ಟಿ ಮಾಡುವುದು ಪಠ್ಯಪುಸ್ತಕಗಳ ರೂಢಿ. ಪಟ್ಟಿಯನ್ನು ಓದಿದವರಿಗೆ ಒಂದು ವಂಶವು ಮುಗಿದೆಡೆಯಲ್ಲಿ ಇನ್ನೊಂದು ತಾನಾಗಿಯೇ ಮೊದಲಾಯಿತೆಂಬ ಭಾವನೆ ಬರುವುದು ಸಹಜ. ಆದರೆ ಅದರಲ್ಲಿ 1399, 1461, 1485ನೆಯ ಇಸವಿಗಳ ಎದುರಿಗಿರುವ ಗೆರೆಗಳು ಮೂರನೆಯ ಎಡ್ವರ್ಡನ ಸಂತತಿಯವರು ತಮ್ಮತಮ್ಮಲ್ಲಿ ಕಾದಾಡಿ ಎಳೆದ ಗೆರೆಗಳು. ಈ ದಾಯಾದಿಕಲಹವೇ ಷೇಕ್ಸ್‌ಪಿಯರನ ಎಂಟು ಚರಿತ್ರನಾಟಕಗಳ ವಸ್ತು. ಸಿಂಹಾಸನದ ಹಕ್ಕು ಯಾರದೆಂಬ ಪ್ರಶ್ನೆಗೆ ಈ ನಾಟಕಗಳು ಕೊಡುವ ಉತ್ತರವೇನೆಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ವಿಷಯದಲ್ಲಿ ಟಿಲ್‌ಯಾರ್ಡನು 1944ರಲ್ಲಿ ಮಂಡಿಸಿದ ಅಭಿಪ್ರಾಯವು ಬಹುಕಾಲ ಪ್ರಮಾಣವೆನಿಸಿತ್ತು. ಅಭಿಷಿಕ್ತನಾದ ಎರಡನೆಯ ರಿಚರ್ಡನನ್ನು ಪದಚ್ಯುತಗೊಳಿಸಿದುದು ಮೂಲಪಾಪ. ಅದರ ಫಲವೇ ಮುಂದಿನ ಪೀಳಿಗೆಗಳ ರಕ್ತಪಾತ. ಏಳನೆಯ ಹೆನ್ರಿಯ ಪಟ್ಟಾಭಿಷೇಕದಿಂದ ದೈವಸಮ್ಮತವಾದ ಕ್ರಮವು ಮರಳಿ ಸ್ಥಾಪಿತವಾಯಿತು. ಇದು ಆತನ ಮತದ ಸಾರ. ರಿಚರ್ಡನ ಪದಚ್ಯುತಿಯ ಸಮಯದಲ್ಲಿ ಕಾರ್ಲೈಲಿನ ಬಿಷಪ್ಪನು ನುಡಿಯುವ ಭವಿಷ್ಯವು ಈ ಮತಕ್ಕೆ ಬಲವಾದ ಆಧಾರವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದು ಒಂದು ಪಾತ್ರದ ಮಾತು. ಅದೇ ನಾಟಕದ ಎರಡನೆಯ ಅಂಕದಲ್ಲಿ ಯಾರ್ಕಿನ ಡ್ಯೂಕನು ಬೇರೊಂದು ಮಾತನ್ನು ಹೇಳುತ್ತಾನೆ. ಗಾಂಟಿನ ಜಾನನು ಸತ್ತೊಡನೆ ಅವನ ಆಸ್ತಿಯನ್ನು ರಿಚರ್ಡನು ಕಸಿದುಕೊಂಡಾಗ, ತಂದೆಯ ಸ್ವತ್ತು ಮಗನಿಗೆ ಸಲ್ಲಬಾರದೆಂದಾದರೆ ನೀನು ಅರಸನಾದುದು ಯಾವ ನ್ಯಾಯದಿಂದ ಎಂದು ಯಾರ್ಕನು ಕೇಳುತ್ತಾನೆ. ಉತ್ತರಾಧಿಕಾರದ ನಿಯಮವನ್ನು ಮೊದಲು ಮುರಿದವನು ಪಟ್ಟಕ್ಕೆ ಹಕ್ಕುಳ್ಳ ರಿಚರ್ಡನೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಗಿರುವಾಗ ಮೂಲಪಾಪವನ್ನು ಬಾಲಿಂಗ್‌ಬ್ರೋಕ್‌ನೊಬ್ಬನ ತಲೆಗೆ ಕಟ್ಟುವುದು ನಾಟಕಕ್ಕೆ ನ್ಯಾಯವನ್ನು ಸಲ್ಲಿಸಿದಂತಾಗುವುದಿಲ್ಲ.

ನಮ್ಮ ವಾದಕ್ಕೆ ಮುಖ್ಯವಾದ ಸಾಕ್ಷ್ಯವು 'ಐದನೆಯ ಹೆನ್ರಿ' ನಾಟಕದಲ್ಲಿದೆ. ಫ್ರಾನ್ಸಿನ ಸಿಂಹಾಸನವು ಹೆನ್ರಿಗೆ ಸಲ್ಲತಕ್ಕದ್ದೆಂದು ತೋರಿಸಲು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನು ಅರುವತ್ತಕ್ಕೂ ಹೆಚ್ಚು ಪಂಕ್ತಿಗಳ ವಂಶಾವಳಿಯನ್ನು ಬಿಡಿಸಿಡುತ್ತಾನೆ. ಹೆಣ್ಣಿನ ಮೂಲಕ ಪಟ್ಟವು ಇಳಿಯಲಾಗದೆಂಬ ಸ್ಯಾಲಿಕ್ ಕಟ್ಟಳೆ ಫ್ರಾನ್ಸಿಗೆ ಸೇರಿದುದಲ್ಲ, ಫ್ರೆಂಚ್ ಅರಸರೇ ಹೆಣ್ಣುಸಂತತಿಯ ಹಕ್ಕನ್ನು ಮುಂದಿಟ್ಟು ಆಳಿದ್ದಾರೆ, ಮಗನಿಲ್ಲದವನ ಸ್ವತ್ತು ಮಗಳಿಗೆ ಸಲ್ಲಬೇಕೆಂದು ಧರ್ಮಗ್ರಂಥವೂ ಹೇಳುತ್ತದೆ ಎಂದು ಆತನು ವಾದಿಸುತ್ತಾನೆ. ಇದನ್ನು ವಾಚಕರು ಸಾಮಾನ್ಯವಾಗಿ ನೀರಸವೆಂದು ದಾಟಿಬಿಡುತ್ತಾರೆ. ಆದರೆ ಈ ತರ್ಕವನ್ನು ಇಂಗ್ಲೆಂಡಿಗೆ ಅನ್ವಯಿಸಿದರೆ ಆಗುವುದೇನು? ಹೆನ್ರಿಯ ಅಜ್ಜನಾದ ಗಾಂಟಿನ ಜಾನನಿಗಿಂತ ಕ್ಲಾರೆನ್ಸಿನ ಲಯನೆಲನು ಹಿರಿಯನು. ಲಯನೆಲನ ಮಗಳಾದ ಫಿಲಿಪ್ಪಳ ಮೂಲಕ ಹಕ್ಕು ಮಾರ್ಟಿಮರರಿಗೆ ಇಳಿದಿತ್ತು. ಹೆಣ್ಣುಸಂತತಿಗೆ ಹಕ್ಕುಂಟೆಂದಾದರೆ ಫ್ರಾನ್ಸು ಹೆನ್ರಿಗೆ ಬಂದೀತು; ಅದೇ ನ್ಯಾಯದಿಂದ ಇಂಗ್ಲೆಂಡು ಮಾರ್ಟಿಮರನ ಪಾಲಾಗುತ್ತದೆ. ಫ್ರಾನ್ಸನ್ನು ಗೆಲ್ಲಿಸಿಕೊಡುವ ವಾದವೇ ಹೆನ್ರಿಯ ಕಾಲಕೆಳಗಿನ ನೆಲವನ್ನು ಸಡಿಲಿಸುತ್ತದೆ.

ಇದು ಕವಿಯ ಗಮನಕ್ಕೆ ಬಾರದ ಆಕಸ್ಮಿಕವೆಂದು ಹೇಳುವಂತಿಲ್ಲ. ಮುಂದಿನ ಅಂಕದಲ್ಲಿಯೇ ಕೇಂಬ್ರಿಜ್ಜಿನ ಅರ್ಲನ ಒಳಸಂಚು ಬಯಲಾಗುತ್ತದೆ. ಆತನು ಮಾರ್ಟಿಮರನ ಸಹೋದರಿಯಾದ ಆನ್‌ಳ ಪತಿ. ಮುಂದೆ ಸಿಂಹಾಸನಕ್ಕೆ ಕೈಯಿಡುವ ಯಾರ್ಕನು ಇವರ ಮಗ. ಫ್ರೆಂಚರ ಹೊನ್ನು ತನ್ನ ಉದ್ದೇಶಕ್ಕೆ ನೆಪಮಾತ್ರವೆಂದು ಕೇಂಬ್ರಿಜನು ಸೂಚಿಸಿ ಸುಮ್ಮನಾಗುತ್ತಾನೆ. ಅಜಿನ್‌ಕೋರ್ಟ್ ಯುದ್ಧದ ಮುನ್ನ ಹೆನ್ರಿಯು, ತನ್ನ ತಂದೆ ಕಿರೀಟವನ್ನು ಪಡೆದ ಬಗೆಯನ್ನು ಇಂದು ನೆನೆಯಬೇಡವೆಂದು ದೇವರಲ್ಲಿ ಮೊರೆಯಿಡುತ್ತಾನೆ. ಆರ್ಚ್‌ಬಿಷಪ್ಪನ ವಂಶಾವಳಿಯಿಂದ ಅವನ ಮನಸ್ಸಿಗೆ ಸಮಾಧಾನವಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

'ಆರನೆಯ ಹೆನ್ರಿ'ಯ ಮೂರು ಭಾಗಗಳಲ್ಲಿ ಇದೇ ಪ್ರಶ್ನೆಯು ಬಹಿರಂಗವಾಗಿ ಕಾಣಿಸಿಕೊಳ್ಳುತ್ತದೆ. ಎರಡನೆಯ ಭಾಗದಲ್ಲಿ ಯಾರ್ಕನು ಮೂರನೆಯ ಎಡ್ವರ್ಡನ ಏಳು ಮಕ್ಕಳನ್ನೂ ಹೆಸರಿಸಿ ತನ್ನ ಹಕ್ಕನ್ನು ನಿರೂಪಿಸುತ್ತಾನೆ. ಮೂರನೆಯ ಭಾಗದ ಮೊದಲ ದೃಶ್ಯದಲ್ಲಿ ಹೆನ್ರಿಯು ಅಜ್ಜನ ಜಯವನ್ನು ಆಧಾರವಾಗಿ ಹೇಳಿ, ಅದು ಸಾಲದೆಂದು ಕಂಡಾಗ ತನ್ನ ಹಕ್ಕು ದುರ್ಬಲವೆಂದು ತನಗೆ ತಾನೇ ಒಪ್ಪಿಕೊಳ್ಳುತ್ತಾನೆ. ಅವನ ಪಕ್ಷದ ಎಕ್ಸೆಟರನ ಅಂತಃಸಾಕ್ಷಿಯೂ ಯಾರ್ಕನ ಕಡೆಗೆ ವಾಲುತ್ತದೆ. ಆದರೂ ನ್ಯಾಯವಾದ ಹಕ್ಕಿನಿಂದ ಯಾರ್ಕನಿಗೆ ದೊರೆತುದು ಕಾಗದದ ಕಿರೀಟ. ಅವನ ಮಗನಾದ ನಾಲ್ಕನೆಯ ಎಡ್ವರ್ಡನು ಪಟ್ಟವನ್ನು ಪಡೆಯುವುದು ಯುದ್ಧದಲ್ಲಿ ಗೆದ್ದ ಮೇಲೆಯೇ.

'ಮೂರನೆಯ ರಿಚರ್ಡ್' ನಾಟಕದಲ್ಲಿ ಬಕಿಂಗ್‌ಹ್ಯಾಮನು ಎಡ್ವರ್ಡನ ಮಕ್ಕಳು ಅಕ್ರಮಸಂತಾನವೆಂದು ಸಾರಿ ರಿಚರ್ಡನಿಗೆ ಜೈಕಾರವನ್ನು ಬೇಡಿದಾಗ ಲಂಡನ್ನಿನ ಪೌರರು ಬಾಯಿ ಬಿಡುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಮೌನವು ಆರ್ಚ್‌ಬಿಷಪ್ಪನ ಸಮಸ್ತ ವಾದಕ್ಕಿಂತ ಹೆಚ್ಚು ತೂಕವುಳ್ಳದ್ದು. ಕೊನೆಯಲ್ಲಿ ಜಯಶಾಲಿಯಾದ ರಿಚ್‌ಮಂಡನು ತಾನೂ ಎಲಿಜಬೆತ್ತಳೂ ಎರಡು ಮನೆತನಗಳ ನಿಜವಾದ ವಾರಸುದಾರರೆಂದು ಘೋಷಿಸುತ್ತಾನೆ; ತನ್ನ ವಂಶಾವಳಿಯನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ. ಚರಿತ್ರೆಯಲ್ಲಿಯೂ ಹೀಗೆಯೇ: 1485ರ ಪಾರ್ಲಿಮೆಂಟು ಕಿರೀಟವು ಏಳನೆಯ ಹೆನ್ರಿಯಲ್ಲಿ ನೆಲೆಸಿದೆಯೆಂದು ವಿಧಿಸಿತು, ಏಕೆ ನೆಲೆಸಿದೆಯೆಂಬುದನ್ನು ಹೇಳಲಿಲ್ಲ.

ಈ ನಾಟಕಗಳು ರಚಿತವಾದ ಕಾಲವನ್ನು ನೆನೆದರೆ ಅವುಗಳ ದಿಟ್ಟತನವು ಮನವರಿಕೆಯಾಗುತ್ತದೆ. 1590ರ ದಶಕದಲ್ಲಿ ರಾಣಿ ಎಲಿಜಬೆತ್ತಳಿಗೆ ಮಕ್ಕಳಿರಲಿಲ್ಲ. ಮುಂದಿನ ಅರಸು ಯಾರೆಂದು ಆಕೆ ಹೆಸರಿಸಿರಲಿಲ್ಲ. ಆ ಪ್ರಶ್ನೆಯನ್ನು ಪಾರ್ಲಿಮೆಂಟಿನಲ್ಲಿ ಎತ್ತಲು ಯತ್ನಿಸಿದ ಪೀಟರ್ ವೆಂಟ್‌ವರ್ತನನ್ನು 1593ರಲ್ಲಿ ಸೆರೆಗೆ ಹಾಕಲಾಯಿತು. ಆತನು ಅಲ್ಲಿಯೇ ಮೃತನಾದನು. 'ಎರಡನೆಯ ರಿಚರ್ಡ್' ನಾಟಕದ 1597ರ ಮುದ್ರಣದಲ್ಲಿ ಪದಚ್ಯುತಿಯ ಪ್ರಸಂಗವಿಲ್ಲ; ಅದು ಅಚ್ಚಾದುದು ರಾಣಿಯ ಮರಣಾನಂತರ, 1608ರಲ್ಲಿ. 1601ರ ಫೆಬ್ರವರಿ 7ರಂದು ಎಸೆಕ್ಸಿನ ಅರ್ಲನ ಅನುಯಾಯಿಗಳು ಹಣಕೊಟ್ಟು ರಿಚರ್ಡನ ಪದಚ್ಯುತಿಯ ನಾಟಕವನ್ನು ಆಡಿಸಿದರು. ಮರುದಿನವೇ ಅರ್ಲನು ದಂಗೆಯೆದ್ದನು. ಚರ್ಚೆಗೆ ಎಡೆಯಿಲ್ಲದ ಪ್ರಶ್ನೆಯನ್ನು ಚರ್ಚಿಸಲು ರಂಗಭೂಮಿಯೊಂದೇ ಉಳಿದಿತ್ತು.

ಆದುದರಿಂದ ಈ ನಾಟಕಗಳನ್ನು ಟ್ಯೂಡರ್ ವಂಶದ ಸ್ತುತಿಯೆಂದು ಭಾವಿಸುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ವಂಶಾವಳಿಯನ್ನು ಇಲ್ಲಿ ಎಲ್ಲರೂ ಉದ್ಧರಿಸುತ್ತಾರೆ. ಅದರಿಂದ ಯಾರ ಹಕ್ಕೂ ಇತ್ಯರ್ಥವಾಗುವುದಿಲ್ಲ. ಕವಿಯು ಬಿಡಿಸದೆ ಬಿಟ್ಟ ಈ ಗಂಟನ್ನು ಮುಂದೆ ಶಾಸನವು ಬಿಡಿಸಬೇಕಾಯಿತು. 1701ರ ಉತ್ತರಾಧಿಕಾರ ಶಾಸನದಂತೆ, ರಕ್ತಸಂಬಂಧದಲ್ಲಿ ಹತ್ತಿರವಾಗಿದ್ದ ಐವತ್ತಕ್ಕೂ ಹೆಚ್ಚು ಕ್ಯಾಥೊಲಿಕರನ್ನು ಬಿಟ್ಟು, 1714ರಲ್ಲಿ ಹ್ಯಾನೋವರಿನ ಜಾರ್ಜನಿಗೆ ಪಟ್ಟವಾಯಿತು. ಹೆಣ್ಣಿಗಿಂತ ಗಂಡಿಗೆ ಮೊದಲ ಹಕ್ಕೆಂಬ ನಿಯಮವನ್ನೂ 2013ರ ಶಾಸನವೊಂದು ತೆಗೆದುಹಾಕಿತು. ನಮ್ಮ ವಿದ್ಯಾರ್ಥಿಗಳು ಅರಸರ ಪಟ್ಟಿಯನ್ನು ಬಾಯಿಪಾಠ ಮಾಡುವುದರ ಜೊತೆಗೆ ಆರ್ಚ್‌ಬಿಷಪ್ಪನ ಭಾಷಣವನ್ನೂ ಪೌರರ ಮೌನವನ್ನೂ ಗಮನವಿಟ್ಟು ಓದಿದರೆ, ಆ ಪಟ್ಟಿಯ ಗೆರೆಗಳಿಗೆ ಅರ್ಥವುಂಟಾದೀತು.