ಮೊದಲು ಹೊದಿಕೆ, ಆಮೇಲೆ ನೀರು

ಯುಗಾದಿ ಕಳೆಯಿತು, ಅಶ್ವಿನಿ ಮಳೆಯ ಸುಳಿವಿಲ್ಲ. ಮೈಸೂರಿನಲ್ಲಿ ಕೈತೋಟ ಮಾಡುವವರಿಗೆ ವರ್ಷದ ಅತಿ ಕಠಿಣ ವಾರಗಳು ಇವೇ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ನಮ್ಮೂರು ರಾಯಚೂರು, ಕಲಬುರಗಿಯಂತೆ ಕಾಯುವುದಿಲ್ಲ. ಆದರೂ ಮಧ್ಯಾಹ್ನದ ಒಣಗಾಳಿ ಎಲೆಯ ಪಸೆ ಹೀರುತ್ತದೆ, ಇಲ್ಲಿಯ ಮರಳುಮಿಶ್ರಿತ ಕೆಮ್ಮಣ್ಣು ಕುಡಿದ ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವುದಿಲ್ಲ. ಬನ್ನಿಮಂಟಪದ ಬಡಾವಣೆಗಳಲ್ಲಿ ಸಂಜೆ ಓಡಾಡಿದರೆ ಗೇಟಿನೊಳಗೆ ಪೈಪು ಹಿಡಿದು ನಿಂತವರು ಕಾಣುತ್ತಾರೆ. ಎಲೆ ತೊಳೆದಂತಾಗುತ್ತದೆ, ನೆಲ ಕಪ್ಪಾಗುತ್ತದೆ, ಮಣ್ಣಿನ ಪರಿಮಳ ಏಳುತ್ತದೆ, ಮನಸ್ಸಿಗೆ ಹಿತ. ಆದರೆ ಆ ಮಣ್ಣಿಗೆ ಬೆರಳು ಚುಚ್ಚಿ ನೋಡಿ: ಒಂದಂಗುಲದ ಕೆಳಗೆ ಒಣ ಪುಡಿ. ಮರುದಿನ ಹತ್ತು ಗಂಟೆಯ ಹೊತ್ತಿಗೆ ಆ ಒಂದಂಗುಲವೂ ಆರಿರುತ್ತದೆ.

ಬೇಸಿಗೆಯ ತೋಟದಲ್ಲಿ ನೀರು ಹಾಕುವುದು ಎರಡನೆಯ ಕೆಲಸ. ಹಾಕಿದ ನೀರು ನಿಲ್ಲುವಂತೆ ಮಾಡುವುದು ಮೊದಲನೆಯದು. ಅದಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿಲ್ಲ, ಬೀದಿಯಲ್ಲಿದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೊಂಗೆ ಎಲೆ ಉದುರಿಸಿ, ಈಗ ಎಳೆ ಹಸಿರು ತಳೆದು ನಿಂತಿದೆ. ಉದುರಿದ ಎಲೆ ಮೋರಿ ಪಕ್ಕ ಗುಡ್ಡೆಯಾಗಿದೆ. ಎಷ್ಟೋ ಕಡೆ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಬಯಲಲ್ಲಿ ಕಸ ಸುಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದೆ. ದಂಡದ ಮಾತು ಹಾಗಿರಲಿ, ಸುಟ್ಟ ಎಲೆಯಲ್ಲಿ ಹೋಗುವುದು ನಮ್ಮದೇ ತೋಟದ ಗೊಬ್ಬರ. ಹೊಂಗೆ ಸೊಪ್ಪನ್ನು ರೈತರು ತಲೆತಲಾಂತರದಿಂದ ಗದ್ದೆಗೆ ತುಳಿದಿದ್ದಾರೆ.

ಎರಡು ಗೋಣಿಚೀಲ ಒಣ ಎಲೆ ತಂದು ಗಿಡದ ಬುಡದ ಸುತ್ತ ಮೂರು, ನಾಲ್ಕು ಅಂಗುಲ ದಪ್ಪ ಹರಡಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲವಾದರೆ ತೊಗಟೆ ಕೊಳೆಯುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಒಣ ಎಲೆ ಕಂಡಲ್ಲಿ ಗೆದ್ದಲು ಬರುತ್ತದೆ. ಹರಡುವ ಮುನ್ನ ಒಂದೆರಡು ಹಿಡಿ ಬೇವಿನ ಹಿಂಡಿ ಉದುರಿಸುವುದು ಒಳ್ಳೆಯದು. ಹೊದಿಕೆ ಹಾಕಿದ ವಾರದ ಮೇಲೆ ಎಲೆ ಸರಿಸಿ ಕೈಯಿಟ್ಟು ನೋಡಿ. ಮಣ್ಣು ತಂಪಾಗಿ, ಸಡಿಲವಾಗಿ ಬೆರಳಿಗೆ ಅಂಟುತ್ತದೆ. ಪಕ್ಕದ ಬರಿ ನೆಲ ಅದೇ ಹೊತ್ತಿನಲ್ಲಿ ಹೆಂಚಿನಂತೆ ಸುಡುತ್ತಿರುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಕೈಯಲ್ಲಿ ಅರಿತವರು ಮತ್ತೆ ಎಲೆಗೆ ಬೆಂಕಿ ಇಡುವುದಿಲ್ಲ.

ತೆಂಗಿನ ಮರವಿರುವ ಮನೆಗಳಿಗೆ ಇನ್ನೊಂದು ದಾರಿ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಆರಂಭವಾದ ಕೇಂದ್ರ ಇಂದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಅದು ತೆಂಗು ಬೆಳೆಗಾರರಿಗೆ ಹೇಳಿಕೊಡುವ ಸರಳ ಉಪಾಯಗಳಲ್ಲಿ ಸುಲಿದ ಸಿಪ್ಪೆಯನ್ನು ಬುಡದ ಸುತ್ತ ಹೂಳುವುದೂ ಒಂದು. ಗುಳಿಯಾದ ಒಳಮೈ ಮೇಲಕ್ಕಿರುವಂತೆ ಸಾಲಾಗಿ ಜೋಡಿಸಿ ಮಣ್ಣು ಮುಚ್ಚಬೇಕು. ನಾರು ತನ್ನ ತೂಕದ ಹಲವು ಪಟ್ಟು ನೀರು ಹೀರಿ ನಿಧಾನವಾಗಿ ಬಿಟ್ಟುಕೊಡುತ್ತದೆ; ಒಮ್ಮೆ ಹೂತರೆ ಕೆಲವು ವರ್ಷ ಅದರ ಚಿಂತೆಯಿಲ್ಲ.

ಹೊದಿಕೆ ಆಯಿತು, ಈಗ ನೀರು. ನೀರು ಹಾಕುವ ಹೊತ್ತು ಬೆಳಗಿನ ಆರರ ಸುಮಾರು. ರಾತ್ರಿ ತಣಿದ ನೆಲ, ತಣ್ಣಗಿನ ಪೈಪು, ಗಾಳಿಯಿಲ್ಲದ ಗಳಿಗೆ. ಮಧ್ಯಾಹ್ನ ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕೈ ಸುಡುತ್ತದೆ, ಬೇರಿಗೆ ಅದು ಬೇಡ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸುವ ಬದಲು, ನೆಲದಲ್ಲಿ ಬೇರೂರಿದ ಗಿಡಕ್ಕೆ ನಾಲ್ಕೈದು ದಿನಕ್ಕೊಮ್ಮೆ ಪಾತಿ ತುಂಬ ನಿಲ್ಲಿಸಿ, ಒಂದಡಿ ಆಳಕ್ಕೆ ಇಳಿಯುವಷ್ಟು ಕೊಡಿ. ಮೇಲೆಯೇ ನೀರು ಸಿಕ್ಕರೆ ಬೇರು ಮೇಲೆಯೇ ಹರಡುತ್ತದೆ. ನಾಲ್ಕು ದಿನ ನೀವು ಊರಿಗೆ ಹೋದರೆ ಗಿಡ ಸಾಯುತ್ತದೆ. ಆಳದಲ್ಲಿ ತೇವ ಇದ್ದರೆ ಬೇರು ಅದನ್ನು ಹುಡುಕಿ ಇಳಿಯುತ್ತದೆ.

ಇದಕ್ಕೆ ಬನ್ನಿ ಮರಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ವಿಜಯದಶಮಿಯ ಮೆರವಣಿಗೆ ಅರಮನೆಯಿಂದ ಹೊರಟು ಕೊನೆಗೊಳ್ಳುವುದು ನಮ್ಮ ಬನ್ನಿಮಂಟಪದಲ್ಲಿ. ಪೂಜೆಗೆ ನಿಲ್ಲುವ ಬನ್ನಿಯನ್ನು ವರ್ಷದಲ್ಲಿ ಒಂದು ದಿನ ನೋಡಿ ಮರೆಯುತ್ತೇವೆ. ಥಾರ್ ಮರುಭೂಮಿಯಲ್ಲಿ ಇದೇ ಮರಕ್ಕೆ ಖೇಜ್ರಿ ಎನ್ನುತ್ತಾರೆ, ಅದು ರಾಜಸ್ಥಾನದ ರಾಜ್ಯ ವೃಕ್ಷ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರಗಳನ್ನು ಅಪ್ಪಿಕೊಂಡು 363 ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂದು ಆ ಸಮುದಾಯ ಇಂದಿಗೂ ಸ್ಮರಿಸುತ್ತದೆ. ಸುತ್ತ ಹುಲ್ಲುಕಡ್ಡಿಯೂ ಇಲ್ಲದ ಕಡು ಬೇಸಿಗೆಯಲ್ಲಿ ಈ ಮರ ಚಿಗುರುತ್ತದೆ, ದನಕರುವಿಗೆ ಮೇವು ಕೊಡುತ್ತದೆ. ಅದರ ತಾಯಿಬೇರು ಬಲು ಆಳಕ್ಕೆ ಇಳಿದು ಅಲ್ಲಿಯ ತೇವವನ್ನು ಹಿಡಿದಿರುವುದೇ ಇದಕ್ಕೆ ಕಾರಣ. ನಮ್ಮ ದಾಸವಾಳ, ಕರಿಬೇವು, ನಿಂಬೆ ಅಷ್ಟು ಆಳಕ್ಕೆ ಹೋಗಲಾರವು. ಒಂದೆರಡು ಅಡಿ ಇಳಿಯುವ ಅಭ್ಯಾಸವನ್ನಂತೂ ನಾವು ಮಾಡಿಸಬಹುದು.

ತರಕಾರಿ ಮಡಿಗೆ ನನಗೆ ಅತಿ ಪ್ರಿಯವಾದದ್ದು ಮಡಕೆ ನೀರಾವರಿ. ಬಣ್ಣ ಬಳಿಯದ, ಚೆನ್ನಾಗಿ ಬೆಂದ ಮಣ್ಣಿನ ಮಡಕೆಯನ್ನು ಬಾಯಿಮಟ್ಟ ನೆಲದಲ್ಲಿ ಹೂತು, ನೀರು ತುಂಬಿ, ಮುಚ್ಚಳ ಹಾಕಬೇಕು. ಸುತ್ತಲಿನ ಮಣ್ಣು ಒಣಗಿದಂತೆ ಮಡಕೆಯ ಮೈಯಿಂದ ನೀರು ಜಿನುಗುತ್ತದೆ, ಮಣ್ಣು ತೇವವಾದರೆ ಜಿನುಗು ಇಳಿಯುತ್ತದೆ. ಚೀನಾದಲ್ಲಿ ಕ್ರಿಸ್ತಪೂರ್ವ ಒಂದನೆಯ ಶತಮಾನದ ಫಾನ್ ಶೆಂಗ್‌ಝಿಯ ಕೃಷಿ ಗ್ರಂಥದಲ್ಲೇ ಈ ಕ್ರಮದ ವಿವರಣೆಯಿದೆ. ಸೌತೆ, ಹೀರೆ, ಬದನೆಗೆ ಇದು ಬಹಳ ಒಗ್ಗುತ್ತದೆ. ಬದನೆ ಎಂದಾಗ, ನಮ್ಮ ಪಕ್ಕದ ಈರನಗೆರೆಯ ಹೆಸರು ಹೊತ್ತ ಮೈಸೂರಿನ ಬದನೆ ತಳಿಯನ್ನೇ ಹಾಕಿ. ಊರಿನ ತಳಿ ಊರಿನ ಹಿತ್ತಲಲ್ಲಿ ಉಳಿಯಬೇಕು. ಈ ಬಿಸಿಲಿಗೆ ಹೆದರದವು ಬೆಂಡೆ, ಅಲಸಂದೆ, ದಂಟು, ಬಸಳೆ. ಕೊತ್ತಂಬರಿ ಮಾತ್ರ ಸೊಪ್ಪು ಕೊಡುವ ಮೊದಲೇ ಹೂ ಬಿಡುತ್ತದೆ, ಅದನ್ನು ಮಳೆಗಾಲಕ್ಕೆ ಬಿಡಿ.

ತಾರಸಿಯ ಕುಂಡಗಳ ಕಷ್ಟ ಬೇರೆ. ಅಲ್ಲಿ ಬೇರಿಗೆ ಓಡಿಹೋಗಲು ಜಾಗವಿಲ್ಲ. ಕುಂಡಗಳನ್ನು ಒತ್ತೊತ್ತಾಗಿ ಗುಂಪು ಮಾಡಿ, ಕಾದ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೇರಿಸಿ. ಪಡುವಣ ಬಿಸಿಲು ಬೀಳುವ ಕಡೆ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕಟ್ಟಿ. ಪೂರ್ತಿ ಒಣಗಿದ ಕುಂಡದಲ್ಲಿ ಮಣ್ಣು ಕುಗ್ಗಿ ಅಂಚು ಬಿಟ್ಟಿರುತ್ತದೆ. ಮೇಲಿಂದ ಎಷ್ಟು ಸುರಿದರೂ ನೀರು ಆ ಸಂದಿಯಲ್ಲೇ ಹರಿದುಹೋಗುತ್ತದೆ. ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಟ್ಟು ತೆಗೆಯಿರಿ.

ಯಾವ ನೀರು ಎಂಬುದೂ ಮುಖ್ಯ. ಮೈಸೂರಿಗೆ ಬರುವುದು ಕಾವೇರಿ, ಕಬಿನಿಯ ನೀರು. ದೂರದಿಂದ ಎತ್ತಿ, ಶುದ್ಧಮಾಡಿ ತಂದದ್ದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಬೇಕಾಯಿತು. ಆ ದಿನ ಇಲ್ಲಿಗೂ ಬರುವ ಮೊದಲೇ ನಾವು ರೂಢಿ ಬದಲಿಸಿಕೊಳ್ಳುವುದು ಮರ್ಯಾದೆ. ಅಕ್ಕಚ್ಚು, ತರಕಾರಿ ತೊಳೆದ ನೀರು ಯಾವ ಗಿಡಕ್ಕಾದರೂ ಸರಿ. ಬಚ್ಚಲ ನೀರಿಗೆ ನಮ್ಮ ಹಿರಿಯರು ಬಾಳೆ, ಕೆಸು, ಕಾಬಾಳೆಯನ್ನು ನೆಟ್ಟಿದ್ದು ತಿಳಿದೇ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣಾಂಶ ಹೆಚ್ಚು. ದಿನವೂ ಕುಂಡಕ್ಕೆ ಸುರಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ ಎಲೆಯ ಅಂಚು ಸುಟ್ಟಂತಾಗುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಬೇಸಿಗೆ ಬರೀ ಕಾಯುವ ಕಾಲವಲ್ಲ. ಮೈಸೂರು ಮಲ್ಲಿಗೆ ತನ್ನ ವೈಭವ ತೋರುವುದು ಈಗಲೇ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಈ ಹೂವಿಗೆ ಬಿಸಿಲೇ ಬೇಕು, ಬುಡದಲ್ಲಿ ತೇವವೂ ಬೇಕು. ಮೊಗ್ಗು ಬೆಳ್ಳಗೆ ತುಂಬಿಕೊಂಡು ಇನ್ನೂ ಬಿರಿಯದಿರುವಾಗ, ಬೆಳಿಗ್ಗೆ ಬಿಡಿಸಿದರೆ ಸಂಜೆ ಮುಡಿಯಲ್ಲಿ ಅರಳುತ್ತದೆ. ಒಂದು ಸುತ್ತು ಹೂ ಮುಗಿದ ಕೊಂಬೆಯ ತುದಿಯನ್ನು ತುಸು ಚಿವುಟಿ, ಮತ್ತೊಂದು ಸುತ್ತು ಬರುತ್ತದೆ. ತುಳಸಿಯ ಕದಿರನ್ನೂ ಬಲಿಯಲು ಬಿಡದೆ ಚಿವುಟುತ್ತಿರಿ, ಇಲ್ಲದಿದ್ದರೆ ಬೀಜ ಕಟ್ಟಿ ಗಿಡ ಸೊರಗುತ್ತದೆ.

ಮಾಡಬಾರದ ಕೆಲಸಗಳೂ ಇವೆ. ದಾಸವಾಳ, ಕುಂಬಳದ ಎಲೆ ನಡುಮಧ್ಯಾಹ್ನ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆಗೆ ತಾನೇ ಎದ್ದರೆ ಅದಕ್ಕೆ ಬಾಯಾರಿಲ್ಲ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಚಿಂತೆ. ಕುಂಡ ಬದಲಾಯಿಸುವುದು, ಒಣ ಮಣ್ಣಿಗೆ ಯೂರಿಯಾ ಹಾಕುವುದು, ಕೊಂಬೆಗಳನ್ನು ಬೋಳಿಸುವುದು ಮಳೆ ಬರುವ ತನಕ ಬೇಡ. ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ಕೆಂಪು ನುಸಿ. ಒಣ ಬಿಸಿಲು ಅದಕ್ಕೆ ಹಬ್ಬ. ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ; ಬಿಡದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ತುಸು ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಹಕ್ಕಿಗಳಿಗೆ ನೀರಿಡುವವರು ತಟ್ಟೆಯನ್ನು ದಿನವೂ ಉಜ್ಜಿ ತೊಳೆದು ತುಂಬಬೇಕು, ನಿಂತ ನೀರು ಡೆಂಗಿ ಸೊಳ್ಳೆಯ ತೊಟ್ಟಿಲು.

ಅಶ್ವಿನಿ ಕೈಕೊಟ್ಟರೂ ಏಪ್ರಿಲ್ ಕೊನೆಗೆ ಭರಣಿ, ಮೇ ನಡುವಿಗೆ ಕೃತ್ತಿಕೆ ಬರುತ್ತವೆ. ನಮ್ಮೂರ ಬೇಸಿಗೆ ಮಳೆ ಗಾಳಿ, ಆಲಿಕಲ್ಲಿನ ಜೊತೆಗೇ ಬಂದು ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂವತ್ತು ನಲವತ್ತರ ನಿವೇಶನದಲ್ಲಿ ಸಾವಿರ ಚದರಡಿ ತಾರಸಿಯಿದ್ದರೆ 20 ಮಿಲಿಮೀಟರ್‌ನ ಒಂದು ಮಳೆಗೆ ಸುಮಾರು 1,850 ಲೀಟರ್ ಬೀಳುತ್ತದೆ. ಒಂದಿಷ್ಟು ಪೋಲಾದರೂ ಸಣ್ಣ ಕೈತೋಟಕ್ಕೆ ಹಲವು ದಿನದ ನೀರು. ಈಗ ಅದೆಲ್ಲ ಮೋರಿ ಸೇರುತ್ತಿದೆ. ಒಣಕೊಂಬೆ ಸವರಿ, ಎಳೆಗಿಡಗಳಿಗೆ ಊರುಗೋಲು ಕಟ್ಟಿ, ತಾರಸಿ ಗುಡಿಸಿ, ಕೊಳವೆಯ ಬಾಯಿಗೆ ಒಂದು ಡ್ರಮ್ಮು ಇಡಿ. ಜಾಗವಿದ್ದರೆ ಮೂಲೆಯಲ್ಲಿ ಇಂಗುಗುಂಡಿ ತೋಡಿ ಅದಕ್ಕೂ ಒಣ ಎಲೆ ತುಂಬಿ. ಮೋಡ ಕಟ್ಟಿದ ಮೇಲೆ ಗುದ್ದಲಿ ಹುಡುಕುವುದಕ್ಕೆ ಸಮಯವಿರುವುದಿಲ್ಲ. ಇದು ಈ ಭಾನುವಾರದ ಕೆಲಸ.